ಕ್ಯಾಪ್ಟನ್ ಎದ್ದು ಬಂದ ದಿನ

ಮುಚ್ಚಳ ಅಲುಗಾಡಲಿಲ್ಲ.

ಅವಳು ಎರಡೂ ಕೈಯಿಂದ ಹಿಡಿಕೆ ಹಿಡಿದು, ಒಂದು ಕಾಲನ್ನು ಪೆಟ್ಟಿಗೆಗೆ ಒತ್ತಿ, ಮೈಯ ಬಲವನ್ನೆಲ್ಲ ಹಾಕಿ ಜಗ್ಗಿದಳು. ಒಳಗಿನಿಂದ ಯಾರೋ ದಬದಬ ಬಡಿಯುತ್ತಿದ್ದರು. ಬಿಳಿ ಹೊಗೆ ಅವಳ ಮೂಗಿಗೂ ಬಾಯಿಗೂ ನುಗ್ಗುತ್ತಿತ್ತು.

‘ಅಲ್ಲೇ ಇರಲಿ... ಇಷ್ಟು ದಿನ ಇರಲಿಲ್ಲವಾ!’ ಎಂದಿತು ಮನಸ್ಸು. ಕೈ ಮಾತ್ರ ಇನ್ನೂ ಜೋರಾಗಿ ಎಳೆಯಿತು.

ಟಕ್ಕೆಂದು ಮುಚ್ಚಳ ಬಿಟ್ಟುಕೊಂಡಿತು. ಹೊಗೆಯ ನಡುವಿನಿಂದ ಅವನು ಎದ್ದು ಕೂತ. ಕೆಮ್ಮಿದ. ಅವಳನ್ನು ನೋಡಿದ. ಅದೇ ಕಣ್ಣು... ಯಾವ ತಪ್ಪನ್ನೂ ಮಾಡದವನ ಹಾಗೆ ನೋಡುವ ಅದೇ ಹಾಳು ಕಣ್ಣು!

ಈಗ ಅವಳು ಅವನನ್ನು ಅಪ್ಪಿಕೊಳ್ಳಬೇಕಿತ್ತು. "ಕೊನೆಗೂ ಎದ್ದಿರಾ ಕ್ಯಾಪ್ಟನ್..." ಎಂದು ಅಳಬೇಕಿತ್ತು. ಹಾಗೆಂದು ಬರೆದುಕೊಟ್ಟಿದ್ದರು.

ಫಟಾರ್!

ಏಟಿನ ಸದ್ದು ಇಡೀ ಸೆಟ್ಟಿಗೆ ಕೇಳಿಸಿತು. ಅವನು ಪಕ್ಕಕ್ಕೆ ವಾಲಿದ. ವಾಲಿದ ಕೂಡಲೇ ಬೆನ್ನ ಮೇಲಿನ ಜಿಪ್ ಪರ್ರನೆ ಬಿಚ್ಚಿಕೊಂಡು, ಬೆಳ್ಳಿ ಬಣ್ಣದ ಅಂತರಿಕ್ಷ ಉಡುಪಿನೊಳಗಿನಿಂದ ಹಳೆಯ ಬನಿಯನ್ ಇಣುಕಿತು.

"ಕಟ್! ಕಟ್!" ಡೈರೆಕ್ಟರ್ ಎದ್ದೇ ನಿಂತರು. "ಏನಮ್ಮಾ ಇದು? ಅಪ್ಪಿಕೋ ಅಂದ್ರೆ ಹೊಡೀತೀಯಲ್ಲ!"

"ಕೈ ಜಾರ್ತು ಸರ್."

"ಜಾರಿದ ಕೈ ಅಷ್ಟು ಸದ್ದು ಮಾಡುತ್ತಾ?"

ಲೈಟಿನವರು ಮುಖ ತಿರುಗಿಸಿಕೊಂಡು ನಕ್ಕರು. ಹೊಸ ಪೈಲಟ್ ಪಾತ್ರದ ಹುಡುಗಿ ನೀರಿನ ಬಾಟಲಿ ಹಿಡಿದು ಅವನ ಹತ್ತಿರ ಓಡಿಬಂದಳು.

"ತಗೊಳ್ಳಿ ಅಂಕಲ್! ಸ್ಕೂಲಲ್ಲಿದ್ದಾಗಿಂದ ನಾನು ನಿಮ್ಮ ಫ್ಯಾನು!"

ಕೆನ್ನೆಗಿಂತ ಆ ‘ಅಂಕಲ್’ ಅವನಿಗೆ ಹೆಚ್ಚು ಉರಿಯಿತು.

‘ಬಾನಾಚೆ’ ಎಂಬ ಆ ಧಾರಾವಾಹಿ ವರ್ಷಗಟ್ಟಲೆಯಿಂದ ಓಡುತ್ತಿತ್ತು. ನಕ್ಷತ್ರಗಳ ನಡುವೆ ದಾರಿ ತಪ್ಪಿದ ಒಂದು ಹಡಗು. ಅದಕ್ಕೆ ಇವನು ಕ್ಯಾಪ್ಟನ್, ಇವಳು ಪೈಲಟ್. ಪರದೆಯ ಮೇಲೆ ಕಚ್ಚಾಡುತ್ತ, ಕ್ಯಾಮೆರಾ ನಿಂತ ಮೇಲೆ ಒಂದೇ ಕಪ್ಪಿನಲ್ಲಿ ಟೀ ಕುಡಿಯುತ್ತಿದ್ದ ಜೋಡಿ. ಮೂರು ವರ್ಷದ ಹಿಂದೆ ಕಥೆಯಲ್ಲಿ ಕ್ಯಾಪ್ಟನ್‌ಗೆ ಯಾವುದೋ ರೋಗ ಬಂತು. ಔಷಧಿ ಸಿಗುವವರೆಗೆ ಎಂದು ಅವನನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ಮಲಗಿಸಿದರು. ಎರಡು ವಾರ ಬಿಟ್ಟು ಎಬ್ಬಿಸುವ ಯೋಚನೆಯಿತ್ತು. ಆದರೆ ಮಲಗುವ ದೃಶ್ಯ ಮುಗಿಸಿ ಹೋದವನು ಮರುದಿನ ಸೆಟ್ಟಿಗೆ ಬರಲೇ ಇಲ್ಲ. ಫೋನ್ ಎತ್ತಲಿಲ್ಲ. ಮನೆಗೆ ಬೀಗ.

ಅವನ ಮುಖದ ರಬ್ಬರ್ ಗೊಂಬೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟರು. ಹಡಗು ನಡೆಸುವವರು ಯಾರಾದರೂ ಬೇಕಲ್ಲ? ಪೈಲಟ್ ಕ್ಯಾಪ್ಟನ್ ಕುರ್ಚಿಗೆ ಬಂದಳು. ಜನ ಮೊದಲು ಬೈದರು, ಆಮೇಲೆ ಒಪ್ಪಿದರು, ಕೊನೆಗೆ ಅವಳಿಗಾಗಿಯೇ ನೋಡತೊಡಗಿದರು. ವಾರವಾರವೂ ಅವಳು ಆ ರಬ್ಬರ್ ಮುಖದ ಮುಂದೆ ನಿಂತು ಅಳಬೇಕಿತ್ತು. ಕಣ್ಣಿಗೆ ಗ್ಲಿಸರಿನ್ ಹಾಕಿಕೊಳ್ಳುವ ಅಗತ್ಯ ಬೀಳಲಿಲ್ಲ.

ಈಗ ಅವನು ಬಂದಿದ್ದಾನೆ. ಮಧ್ಯಾಹ್ನದ ದೃಶ್ಯದಲ್ಲಿ ಅವಳು ಕುರ್ಚಿಯಿಂದ ಎದ್ದು, ಅದನ್ನು ಅವನಿಗೆ ಬಿಟ್ಟುಕೊಟ್ಟು, ಪಕ್ಕದಲ್ಲಿ ಕೈಕಟ್ಟಿ ನಿಲ್ಲಬೇಕು.

‘ಮೂರು ವರ್ಷ ಕೂತು ಗಳಿಸಿದ್ದು! ಬಂದ ಅಂತ ಎದ್ದುಬಿಡಬೇಕಾ?’

ಡೈರೆಕ್ಟರ್ ಅವಳನ್ನು ಕ್ಷಮೆ ಕೇಳಿ ಬಾ ಎಂದು ಕಾಸ್ಟ್ಯೂಮ್ ಕೋಣೆಗೆ ಅಟ್ಟಿದರು.

ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಅವಳ ದೊಡ್ಡಮ್ಮ. ಇಡೀ ಸೆಟ್ಟಿಗೇ ದೊಡ್ಡಮ್ಮ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವನ ಬೆನ್ನಿನ ಹಿಂದೆ ನಿಂತಿದ್ದರು.

"ಊರೂರು ಅಲೆದವನು ಸಣ್ಣಗಾಗ್ಬೇಕಿತ್ತಪ್ಪ. ನೀನ್ಯಾಕೋ ಊದಿದ್ದೀಯ?"

"ದುಃಖಕ್ಕೆ ಊಟ ಜಾಸ್ತಿ ಸೇರ್ತಿತ್ತು ದೊಡ್ಡಮ್ಮ."

"ಇನ್ನು ಬಿಚ್ಚೋಕೆ ಹೊಲಿಗೆ ಉಳಿದಿಲ್ಲ. ಉಸಿರು ಬಿಗಿ ಹಿಡ್ಕೋ, ಡೈಲಾಗ್ ಮಧ್ಯೆ ಬಿಟ್ಟೀಯ ಮತ್ತೆ!"

ಅವಳು ಬಾಗಿಲಲ್ಲೇ ನಿಂತಳು. "ಕ್ಷಮೆ ಕೇಳು ಅಂದಿದ್ದಾರೆ. ಕೇಳಿದ್ದಾಯ್ತು."

"ಪರವಾಗಿಲ್ಲ. ಅಷ್ಟೇನೂ ನೋವಾಗ್ಲಿಲ್ಲ," ಎಂದ ಅವನು.

"ಅಯ್ಯೋ, ಹೌದಾ? ಇರ್ಲಿ ಬಿಡಿ, ಇನ್ನೊಂದು ಟೇಕ್ ಇದೆಯಲ್ಲ."

"ಬಿಡಿ ಅಂತೆ! ನಾನು ಯಾವಾಗಿಂದ ಬಹುವಚನ ಆದೆ?"

"ಒಂದು ಮಾತೂ ಹೇಳದೆ ಹೋದ್ರಲ್ಲ, ಅವತ್ತಿಂದ."

ಅವನ ಹುಬ್ಬು ಗಂಟಿಕ್ಕಿತು. "ಹೇಳದೆ...? ನಾನು ಹೇಳಿದ್ದೆ. ಜೊತೆಗೆ ಬಾ ಅಂತ ಕರೆದೂ ಇದ್ದೆ. ಬರಲ್ಲ ಅಂದವಳು ನೀನು."

"ಯಾವಾಗ?"

"ಕೊನೇ ದಿನ. ಪೆಟ್ಟಿಗೆ ಪಕ್ಕದಲ್ಲಿ."

"ಅದು ಶಾಟ್!"

"ಬರೆದುಕೊಟ್ಟಿದ್ದು ‘ಹಡಗು ಇನ್ನು ನಿನ್ನ ಕೈಲಿದೆ’ ಅನ್ನೋವರೆಗೆ ಮಾತ್ರ. ಅದಾದ್ಮೇಲೆ ನಾನಂದಿದ್ದು ಯಾರೂ ಬರೆದಿದ್ದಲ್ಲ."

ಅವಳು ಆ ದಿನವನ್ನು ಮೊದಲಿಂದ ನೆನೆದಳು.

ಅವರ ಡೈರೆಕ್ಟರ್‌ಗೆ ಒಂದು ಚಾಳಿ. ದೃಶ್ಯ ಚೆನ್ನಾಗಿ ಬರುತ್ತಿದ್ದರೆ ಕಟ್ ಹೇಳುವುದಿಲ್ಲ. ಬರೆದ ಮಾತು ಮುಗಿದ ಮೇಲೂ ಕ್ಯಾಮೆರಾ ಓಡಿಸುತ್ತಾರೆ. ಇಬ್ಬರೂ ಬಾಯಿಗೆ ಬಂದಿದ್ದು ಆಡುತ್ತ ಹೋಗಬೇಕು. ಧಾರಾವಾಹಿಯ ಅರ್ಧ ಒಳ್ಳೆಯ ಮಾತುಗಳು ಹುಟ್ಟಿದ್ದೇ ಹಾಗೆ.

ಆ ದಿನವೂ ಕಟ್ ಬರಲಿಲ್ಲ. ಪೆಟ್ಟಿಗೆಯೊಳಗೆ ಒಂದು ಕಾಲಿಟ್ಟವನು ತಿರುಗಿ, ಅವಳ ಕೈ ಹಿಡಿದು, "ಎಲ್ಲಾ ಬಿಟ್ಟು ನನ್ ಜೊತೆ ಬಂದ್ಬಿಡು. ಎಲ್ಲಿಗೆ ಅಂತ ನಂಗೂ ಸರಿಯಾಗಿ ಗೊತ್ತಿಲ್ಲ. ನೀನಿದ್ರೆ ಸಾಕು," ಎಂದಿದ್ದ. ಕಣ್ಣು ತುಂಬಿತ್ತು. ‘ಅಬ್ಬಾ, ಎಂಥ ನಟನೆ!’ ಎಂದುಕೊಂಡಿದ್ದಳು ಅವಳು. ತಾನೇನು ಕಡಿಮೆ ಎಂದು ಗಲ್ಲ ಎತ್ತಿ ಉತ್ತರ ಕೊಟ್ಟಿದ್ದಳು: "ಈ ಹಡಗು ಬಿಟ್ಟು ನಾನು ಎಲ್ಲಿಗೂ ಬರಲ್ಲ. ನೀವು ಹೋಗಿ. ದಾರಿ ಕಾಯ್ತಾ ಕೂರೋಳು ನಾನಲ್ಲ."

ಇಡೀ ಸೆಟ್ ಚಪ್ಪಾಳೆ ಹೊಡೆದಿತ್ತು.

"ಆ ಮಾತಿಗೆ ನಂಗೆ ಪ್ರಶಸ್ತಿ ಬಂತು ಕಣೋ!" ಅವಳು ಕಿರುಚಿದಳು. "ವೇದಿಕೆ ಮೇಲೆ ನಿಂತು ಅದನ್ನೇ ಮತ್ತೆ ಹೇಳಿದೀನಿ! ಜನ ಎದ್ದು ನಿಂತು ಕೇಳಿದ್ರು!"

"ಗೊತ್ತು. ಟಿವೀಲಿ ನೋಡಿದೆ. ಎರಡನೇ ಸಲವೂ ಬರಲ್ಲ ಅಂದ ಹಾಗಾಯ್ತು."

ದೊಡ್ಡಮ್ಮನ ಬಾಯಿಂದ ಗುಂಡುಸೂಜಿ ಕೆಳಗೆ ಬಿತ್ತು.

"ಒಂದು ಸಣ್ಣ ನಾಟಕ ತಂಡ ಕರೆದಿತ್ತು," ಎಂದ ಅವನು, ನೆಲ ನೋಡುತ್ತ. "ಮರುದಿನವೇ ಹೊರಡ್ಬೇಕಿತ್ತು. ಈ ಬೆಳ್ಳಿ ಬಟ್ಟೆ ಸಾಕಾಗಿತ್ತು ನಂಗೆ. ನಿನ್ನ ಕೇಳೋಕೆ ಮೂರು ದಿನ ಹಿಂದೆ ಮುಂದೆ ಓಡಾಡಿದೆ. ಬಾಯೇ ಬರ್ಲಿಲ್ಲ. ಕ್ಯಾಪ್ಟನ್ ಬಟ್ಟೇಲಿದ್ದಾಗ ಮಾತ್ರ ಧೈರ್ಯ ಬಂತು..."

"ಅಷ್ಟು ಜನರ ಮುಂದೆ, ಅಷ್ಟು ಲೈಟಿನ ಕೆಳಗೆ ಕೇಳೋಕೆ ಧೈರ್ಯ ಇತ್ತು. ನನ್ನೊಬ್ಬಳನ್ನ ಕೇಳೋಕೆ ಇರ್ಲಿಲ್ಲ! ಆಮೇಲೆ ಫೋನ್ ಎತ್ತೋಕೇನು ರೋಗ? ಅದೂ ಬರೆದುಕೊಟ್ಟ ರೋಗಾನಾ?"

"ಮೂರನೇ ಸಲ ಬರಲ್ಲ ಅನ್ನಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ."

"ಹೇಡಿ!"

"ಹೌದು."

ಅವನು ಒಪ್ಪಿಕೊಂಡಿದ್ದು ಅವಳಿಗೆ ಇನ್ನೂ ಸಿಟ್ಟು ತರಿಸಿತು. ಜಗಳಕ್ಕೂ ನಿಲ್ಲದ ಮನುಷ್ಯ!

"ಮತ್ಯಾಕೆ ಬಂದೆ ಈಗ?"

"ತಂಡ ಮುಚ್ಚಿಹೋಯ್ತು. ನಾನು ರಾಜನ ಪಾತ್ರ ಮಾಡ್ಲಿ, ಭಿಕ್ಷುಕನ ಪಾತ್ರ ಮಾಡ್ಲಿ, ಜನ ಕೇಳ್ತಿದ್ದಿದ್ದು ಒಂದೇ: ‘ಕ್ಯಾಪ್ಟನ್, ಯಾವಾಗ ಏಳ್ತೀರಾ?’" ನಗಲು ನೋಡಿದ. ನಗು ಬರಲಿಲ್ಲ. "ಅಲ್ಲದೆ... ವಾರವಾರ ನೀನು ಆ ಗೊಂಬೆ ಮುಂದೆ ಅಳೋದನ್ನ ನೋಡ್ತಿದ್ದೆ. ಅದು ನಟನೆ ಅಲ್ಲ ಅಂತ ಈಚೆಗೆ ಅನ್ನಿಸೋಕೆ ಶುರುವಾಯ್ತು."

ಅವಳು ಮುಖ ತಿರುಗಿಸಿಕೊಂಡಳು.

"ತಪ್ಪೆಲ್ಲ ಅವನದೇ ಕಣೇ ಸಿಡುಕಿ," ಎಂದರು ದೊಡ್ಡಮ್ಮ ಮೆಲ್ಲಗೆ. "ನೀನ್ಯಾಕೆ ಅಳ್ತೀಯ?"

"ಕೋಪಕ್ಕೆ ದೊಡ್ಡಮ್ಮ! ಬರೀ ಕೋಪಕ್ಕೆ!"

ಬಾಗಿಲು ಧಡಾರನೆ ಬಡಿದುಕೊಂಡಿತು.

*

"ಆ್ಯಕ್ಷನ್!"

ಹಡಗಿನ ನಡುಕೋಣೆ. ಗೋಡೆ ತುಂಬ ಮಿಣುಕುವ ದೀಪಗಳು. ಮಧ್ಯೆ ಎತ್ತರದ ಕುರ್ಚಿ. ಅದರಲ್ಲಿ ಅವಳು. ನಿರ್ಮಾಪಕರು ಈ ದೃಶ್ಯ ನೋಡಲೆಂದೇ ಬಂದು ಡೈರೆಕ್ಟರ್ ಪಕ್ಕ ಕೂತಿದ್ದರು.

ಅವನು ಒಳಗೆ ಬಂದ. ಉಡುಪು ಎಷ್ಟು ಬಿಗಿಯಾಗಿತ್ತೆಂದರೆ ಸಲ್ಯೂಟ್ ಹೊಡೆಯಲು ಎತ್ತಿದ ಕೈ ಭುಜದಲ್ಲೇ ನಿಂತಿತು. ಹೊಸ ಪೈಲಟ್ ಹುಡುಗಿ ಕಿಸಕ್ಕೆಂದಳು.

"ಪೈಲಟ್... ನನ್ನ ಜಾಗ," ಎಂದ. ಬರೆದದ್ದೇ ಅಷ್ಟು.

ಅವಳು ಏಳಬೇಕಿತ್ತು.

ಏಳಲಿಲ್ಲ.

"ಈ ಹಡಗಿಗೆ ಬೇರೆ ಪೈಲಟ್ ಬಂದು ಬಹಳ ದಿನ ಆಯ್ತು. ನೀವು ನಿದ್ದೇಲಿದ್ರಿ, ಗೊತ್ತಾಗಿಲ್ಲ."

ಅವನು ತಡವರಿಸಿದ. "ಅದು... ಕ್ಯಾಪ್ಟನ್ ಕುರ್ಚಿ."

"ಕ್ಯಾಪ್ಟನ್ ಕೂತಿದ್ದಾಳಲ್ಲ. ಕಾಣಿಸ್ತಿಲ್ವಾ?"

ಡೈರೆಕ್ಟರ್ ಉಸಿರು ಬಿಗಿಹಿಡಿದು ಮಾನಿಟರ್ ನೋಡುತ್ತಿದ್ದರು. ಕಟ್ ಹೇಳಲಿಲ್ಲ.

"ಕಟ್ ಹೇಳ್ರೀ!" ನಿರ್ಮಾಪಕರೇ ಕೂಗಿ ಲೈಟುಗಳ ನಡುವೆ ನುಗ್ಗಿ ಬಂದರು. "ಏನ್ರಮ್ಮಾ ಇದು ಹಟ? ಕುರ್ಚಿ ಅವರದು ಅಂತ ಒಪ್ಪಂದ ಆಗಿದೆ. ಏಳಿ ಮೇಲೆ!"

"ಕೂತಿರೋಳು ನಾನು. ನನ್ನ ಕೇಳಿದ್ರಾ?"

"ಏಳಲ್ಲ ಅಂದ್ರೆ ನಿಮ್ಮನ್ನ ಯಾವುದಾದ್ರೂ ಗ್ರಹದಲ್ಲಿ ಇಳಿಸಿ ಬಂದುಬಿಡ್ತೀವಿ!"

"ಇಳಿಸಿ. ಹಡಗನ್ನೂ ಅಲ್ಲೇ ನಿಲ್ಲಿಸ್ಬೇಕಾಗುತ್ತೆ. ಇವರಿಗೆ ಕೈ ಎತ್ತೋಕೇ ಆಗ್ತಿಲ್ಲ, ಹಡಗು ಎತ್ತುತ್ತಾರಾ?"

ಯಾರೋ ಜೋರಾಗಿ ನಕ್ಕರು. ಅವಳು ನಗಲಿಲ್ಲ. ಕುರ್ಚಿಯ ತೋಳನ್ನು ಹಿಡಿದ ಬೆರಳುಗಳು ಬಿಳುಚಿಕೊಂಡಿದ್ದವು. ಇಲ್ಲಿಂದ ಎದ್ದರೆ ಮತ್ತೆ ಕೂರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಪ್ಯಾಕಪ್!" ನಿರ್ಮಾಪಕರ ಮುಖ ಕೆಂಪಾಗಿತ್ತು. "ನಾಳೆ ಬೆಳಿಗ್ಗೆ ನನ್ನ ಆಫೀಸಿಗೆ ಬನ್ನಿ. ಇಬ್ರಲ್ಲಿ ಒಬ್ರಿಗೆ ಮಾತ್ರ ಆ ಕುರ್ಚಿ."

ಒಂದೊಂದೇ ಲೈಟು ಆರಿತು. ಜನ ವೈರು ಸುತ್ತಿಕೊಂಡು ಹೋದರು. ಅವಳು ಕೂತೇ ಇದ್ದಳು. ಅವನೂ ಹೋಗಲಿಲ್ಲ.

"ನಾನೊಂದು ಮಾತು..." ಎಂದು ಶುರುಮಾಡಿದ.

ಅವಳು ಕುರ್ಚಿಯಿಂದ ಬಾಗಿ ಅವನ ಕಾಲರಿನ ಮೈಕನ್ನು ಕಿತ್ತು ಆಫ್ ಮಾಡಿದಳು. ತನ್ನದನ್ನೂ ಆಫ್ ಮಾಡಿದಳು. "ಈಗ ಹೇಳು. ಕ್ಯಾಪ್ಟನ್ ಆಗಿ ಅಲ್ಲ."

ಬರೆದುಕೊಟ್ಟ ಮಾತಿಲ್ಲ, ಕ್ಯಾಮೆರಾ ಇಲ್ಲ. ಎದುರಿಗೆ ಇವಳು.

"ನಿನ್ನ ಬಿಟ್ಟು ಹೋದ ಮೇಲೆ ನಾನು ಎಲ್ಲೂ ಸರಿಯಾಗಿ ನಿಲ್ಲೋಕಾಗ್ಲಿಲ್ಲ," ಎಂದ. "ನಿನ್ನ ಮೇಲಿನ ಪ್ರೀತಿ ಒಂದು ಚೂರೂ ಕಡಿಮೆ ಆಗ್ಲಿಲ್ಲ. ಅವತ್ತೇ ಹೀಗೆ ನಿಂತು ಹೇಳ್ಬೇಕಿತ್ತು. ಹೇಳ್ಲಿಲ್ಲ. ಅದಕ್ಕೇ ಈಗ... ನಾಳೆ ಬೆಳಿಗ್ಗೆ ನಿರ್ಮಾಪಕರ ಹತ್ರ ನಾನೇ ಹೋಗಿ, ಧಾರಾವಾಹಿ ಬಿಡ್ತೀನಿ ಅಂತ ಹೇಳ್ತೀನಿ. ನಾನಿಲ್ದಿದ್ರೆ ಜಗಳವೇ ಇಲ್ಲ. ಕುರ್ಚಿ ನಿಂದೇ ಆಗಿರುತ್ತೆ. ಅಷ್ಟಾದ್ರೂ ಮಾಡೋಕೆ ಬಿಡು ನಂಗೆ."

ಅವನು ಮನಸಾರೆ ಹೇಳಿದ್ದ. ಅದು ಅವಳಿಗೆ ಅರ್ಥವಾಯಿತು. ಅದಕ್ಕೇ ಮೈಯೆಲ್ಲ ಉರಿಯಿತು.

"ಕುರ್ಚಿ ಏನು ನಿಮ್ಮಪ್ಪನ ಆಸ್ತೀನಾ, ನಂಗೆ ದಾನ ಕೊಡೋಕೆ? ನಾಳೆ ನಾನು ಹೋಗ್ತೀನಿ ಆಫೀಸಿಗೆ. ನಾನೇ ಜಗಳ ಆಡ್ತೀನಿ. ಗೆದ್ರೆ ನೀನು ನನ್ನ ಕೈಕೆಳಗೆ ಕೆಲಸ ಮಾಡ್ತೀಯ. ಸೋತ್ರೆ ನಿನ್ನ ಕಣ್ಣೆದುರೇ ಸೋಲ್ತೀನಿ, ಮನೆಗೆ ಬಂದು ನಿನ್ನ ಮೇಲೇ ಕೂಗಾಡ್ತೀನಿ."

"ಮನೆಗೆ...?"

"ಮಧ್ಯೆ ಬಾಯಿ ಹಾಕ್ಬೇಡ!"

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಅವಳಿಗೆ ಪುರುಸೊತ್ತಿರಲಿಲ್ಲ.

"ಕೋಪ ಇನ್ನೂ ಅಷ್ಟೇ ಇದೆ ಅಲ್ವಾ?" ಎಂದು ಕೇಳಿದ, ಬಹಳ ಮೆಲ್ಲಗೆ.

"ಇದೆ. ಬೇಕಾದಷ್ಟಿದೆ. ಮೂರು ವರ್ಷ ಒಂದು ರಬ್ಬರ್ ಮುಖದ ಮೇಲೆ ಕೋಪ ಮಾಡ್ಕೊಂಡು ಸಾಕಾಗಿದೆ ನಂಗೆ. ಅದು ಕೆಂಪಗಾಗಲ್ಲ, ತಿರುಗಿ ಮಾತಾಡಲ್ಲ..." ಅವಳ ದನಿ ಒಡೆಯಿತು. "ಪ್ರೀತಿನೂ ಅಷ್ಟೇ ಇದೆ ಕಣೋ. ಅದನ್ನ ಆ ಗೊಂಬೆ ಮುಂದೆ ಎಷ್ಟು ಸಲ ಹೇಳ್ಲಿ?"

ಅವನು ಕುರ್ಚಿಯ ಪಕ್ಕದ ಮೆಟ್ಟಿಲ ಮೇಲೆ ಕುಸಿದು ಕೂತ. ಬೆನ್ನಿನ ಹೊಲಿಗೆ ಮತ್ತೆ ಪರ್ರೆಂದಿತು. ಇಬ್ಬರೂ ಅದನ್ನು ಗಮನಿಸಲಿಲ್ಲ. ಅವನ ಕೆನ್ನೆಯ ಮೇಲೆ ಅವಳ ಬೆರಳಿನ ಗುರುತು ಇನ್ನೂ ಕೆಂಪಗಿತ್ತು. ಅವಳು ಕೈ ಚಾಚಿ ಅದನ್ನು ಮುಟ್ಟಿದಳು. ಅವನು ಕಣ್ಣು ಮುಚ್ಚಿದ.

"ಒಂದು ಕೆಲಸ ಮಾಡೋಣ," ಎಂದ. "ನಿಂಗೂ ಯೋಚನೆ ಮಾಡೋಕೆ ಸಮಯ ಬೇಕು. ನಾನು ಒಂದು ವಾರ ಎಲ್ಲಾದ್ರೂ ದೂರ ಇದ್ದು ಬರ್ತೀನಿ. ಸಿಟ್ಟು ಇಳಿದ ಮೇಲೆ..."

"ಬೇಡ. ಸಿಟ್ಟು ಇಳಿಯೋವರೆಗೂ ಇಲ್ಲೇ ಇರು," ಎಂದಳು ಅವಳು, ಅವನ ತೋಳು ಹಿಡಿದು.