ನಾಲಿಗೆ ಕಳೆದುಕೊಂಡ ಗಂಟೆ

"ಅಮ್ಮಾ, ನನ್ನ ನೌಕರಿ ಉಳಿಸ್ರಿ!" ಎನ್ನುತ್ತ ಶಾಲೆಯ ಜವಾನ ತಾಯಣ್ಣ ಬೆಳಿಗ್ಗೆಯೇ ನಮ್ಮ ಕಟ್ಟೆಯ ಮೇಲೆ ಕುಸಿದು ಕೂತ. ನಿಜಾಮರ ಕಾಲದ ನಾರಾಯಣಪೇಟೆಯಲ್ಲಿ ಏನು ಕಳೆದರೂ ಜನ ಪೊಲೀಸ್ ಅಮೀನರಿಗಿಂತ ಮೊದಲು ಹುಡುಕಿಕೊಂಡು ಬರುತ್ತಿದ್ದುದು ನನ್ನ ಅತ್ತಿಗೆ ವೀರಬಸಮ್ಮನವರನ್ನು. ಅತ್ತಿಗೆಯ ಹಿಂದೆ ಕೊಡೆ ಹಿಡಿದು ತಿರುಗುವುದೇ ಹಂಪಣ್ಣನ ಉದ್ಯೋಗ ಎಂದು ನನ್ನನ್ನು ನೋಡಿ ಊರು ನಗುತ್ತಿತ್ತು. ನಗಲಿ ಬಿಡಿ.

ಊರವರೇ ಕಟ್ಟಿದ ಕನ್ನಡ ಶಾಲೆಯ ಕಂಚಿನ ಗಂಟೆಯ ನಾಲಿಗೆಯನ್ನು ಯಾರೋ ಬಿಚ್ಚಿ ಒಯ್ದಿದ್ದರು. ಹಿಂದಿನ ದಿನ ತಡವಾಗಿ ಗಂಟೆ ಹೊಡೆದು ಬೈಸಿಕೊಂಡಿದ್ದ ತಾಯಣ್ಣನೇ ಸಿಟ್ಟಿಗೆ ಹೀಗೆ ಮಾಡಿದ್ದಾನೆಂದು ಹೆಡ್‌ಮಾಸ್ತರ ನಾಗಪ್ಪನವರ ವಾದ. ಸಂಜೆಯೊಳಗೆ ಸಿಗದಿದ್ದರೆ ಅವನನ್ನು ಕೆಲಸದಿಂದ ಬರ್ತರಫ್ ಮಾಡುವುದೇ ಸೈ.

ಶಾಲೆಯ ಓಣಿಯಲ್ಲಿ ನೇಕಾರರ ತಿರುಪತಮ್ಮ ಸೀರೆಯ ಹಾಸನ್ನು, ಅಂದರೆ ಮಗ್ಗಕ್ಕೇರಿಸುವ ಉದ್ದನೆಯ ನೂಲೆಳೆಗಳನ್ನು, ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದಳು. "ನೋಡ್ಕೊಂಡು ಬರ್ರಿ! ಎಳಿ ಹರದ್ರ ನನ್ನ ಗತಿ ಏನು?" ಎಂದು ನನ್ನ ಮೇಲೆ ಹರಿಹಾಯ್ದಳು. ಗೋಡೆಗೆ ಅಂಟಿಕೊಂಡು ದಾಟಿದೆವು.

ಗಂಟೆಯೊಳಗಿನ ಕೊಂಡಿಗೆ ಬಿಳಿಯದೇನೋ ಮೆತ್ತಿತ್ತು. ಅತ್ತಿಗೆ ಉಗುರಿನಿಂದ ಕೆರೆದು ಮೂಸಿದರು. "ಗಂಜಿ. ಎಣ್ಣಿ ವಾಸನಿ ಐತಿ," ಎಂದರು. ನನಗೆ ಹಸಿವಾಯಿತೇ ಹೊರತು ಏನೂ ಹೊಳೆಯಲಿಲ್ಲ.

ಮಧ್ಯಾಹ್ನ ಅವರು ಓಣಿಯವರನ್ನೆಲ್ಲ ಶಾಲೆಯ ಬೇವಿನ ಮರದಡಿ ಕರೆಸಿದರು.

"ಮಾರಾಕ ಕದಿಯೋ ಕಳ್ಳ ಇಡೀ ಗಂಟಿನೇ ಒಯ್ತಿದ್ದ," ಎಂದು ಶುರು ಮಾಡಿದರು. "ನಾಲಿಗಿ ಒಯ್ದೋರಿಗೆ ಕಂಚು ಬೇಕಿರಲಿಲ್ಲ, ಗಂಟಿ ಸುಮ್ಮನಿರೋದು ಬೇಕಿತ್ತು. ಉಣ್ಣೋ ಗಂಜಿಗೆ ಎಣ್ಣಿ ಹಾಕಲ್ಲ, ಹಾಸಿನ ಗಂಜಿಗೆ ಹಾಕ್ತಾರ. ಇವತ್ತು ಓಣ್ಯಾಗ ಹಾಸು ಕಟ್ಟಿದ್ದು ಒಂದೇ ಮನಿ. ಗಂಟಿ ಆದ್ರ ಹುಡುಗ್ರು ಎಲ್ಲಿಂದ ಓಡಿ ಬರ್ತಾರ್ರಿ, ಮಾಸ್ತರ?"

ಎಲ್ಲರೂ ಓಣಿಯತ್ತ ತಿರುಗಿದರು. ತಿರುಪತಮ್ಮ ಅಳುತ್ತ ಸೆರಗಿನ ಗಂಟು ಬಿಚ್ಚಿ ನಾಲಿಗೆಯನ್ನು ಹೊರತೆಗೆದಳು. "ಹೋದ ಸಲ ಹುಡುಗ್ರು ಓಡಿ ಬಂದು ಹಾಸು ಹರಕೊಂಡು ಹೋದ್ವು. ಮಾಸ್ತರಿಗೆ ಹೇಳಿದ್ರ, ಗಂಟಿ ಹೊಡಿಯೋ ವ್ಯಾಳ್ಯಾ ಅಂದ್ರ ವ್ಯಾಳ್ಯಾ ಅಂದ್ರು. ಶಾಲಿ ಬ್ಯಾಡಂತಲ್ಲರಿ, ನನ್ನ ಮಗಳೂ ಇಲ್ಲೇ ಓದ್ತಾಳ. ತಾಯಣ್ಣಾ, ನಿನ್ನ ಮ್ಯಾಲೆ ಬರ್ತೈತಂತ ಗೊತ್ತಿರಲಿಲ್ಲಪ್ಪಾ, ತಪ್ಪಾತು."

"ನೆಗಡಿ ಬಂತಂತ ಮೂಗು ಕೊಯ್ಕೋತಾರೇನ ತಿರುಪತಮ್ಮಾ? ಮಾಸ್ತರ, ನೀವು ಹಾಸು ಕಟ್ಟಿದ ದಿನ ಅದನ್ನ ಸುತ್ತಿದ ಮ್ಯಾಲೆ ಗಂಟಿ ಹೊಡಸ್ರಿ," ಎಂದರು ಅತ್ತಿಗೆ.

ನಾಗಪ್ಪನವರು ಎದ್ದು ತಾಯಣ್ಣನಿಗೆ ಕೈ ಮುಗಿದರು. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ಮುಂದಿನ ಸಲ ಹಾಸು ಕಟ್ಟಿದಾಗ ಅದರ ಒಂದು ತುದಿ ಹಿಡಿದು ನಿಂತಿದ್ದವರು ಮಾಸ್ತರರೇ. ಹುಡುಗರು ಗೋಡೆಗುಂಟ ಸಾಲಾಗಿ ಕೂತು ಕಾಯುತ್ತಿದ್ದರು. ಸುತ್ತಿ ಮುಗಿಸಿ ತಿರುಪತಮ್ಮ ಕೂಗಿದಳು: "ತಾಯಣ್ಣಾ, ಇನ್ನ ಹೊಡಿಯಪ್ಪಾ!"

ನೌಕರಿ ಉಳಿದ ಖುಷಿಯನ್ನೆಲ್ಲ ಹಾಕಿ ಬಾರಿಸಿದ ಪುಣ್ಯಾತ್ಮ. ಅತ್ತಿಗೆ ಕಿವಿ ಮುಚ್ಚಿಕೊಂಡರು. ಕಣ್ಣಲ್ಲಿ ನೀರಿತ್ತು.

"ಈಗ ಬಂತು ನೋಡೋ ಹಂಪಣ್ಣ," ಎಂದರು, "ಶಾಲಿಗೆ ನಾಲಿಗಿ."