ಕೆಂಪು ಹೂವಿನ ಬಟ್ಟಲು

ನೂಡಲ್ಸಿನ ಎರಡನೆಯ ತುತ್ತಿಗೇ ಸೌಂದರ್ಯಳ ತುಟಿ ಊದಿತು, ಉಸಿರು ಸಿಕ್ಕಿಕೊಂಡಿತು. ಅವಳ ತಾಯಿ ದಾಕ್ಷಾಯಣಿ ಮಗಳನ್ನು ಹೊತ್ತುಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಧಾವಿಸಿದಳು. ಹಾಲಿನ ಅಂಶ ಆ ಹುಡುಗಿಗೆ ವಿಷ. ಅವಳೂ ನಾಲ್ಕು ಜನರ ನಡುವೆ ಕೂತು ಉಣ್ಣಲಿ ಎಂದೇ ದಾಕ್ಷಾಯಣಿ ಭದ್ರಾವತಿಯ ನ್ಯೂಟೌನಿನಲ್ಲಿ ಈ ಪುಟ್ಟ ಚೈನೀಸ್ ಹೋಟೆಲ್ ತೆರೆದಿದ್ದಳು. ಹಾಲು, ಬೆಣ್ಣೆ, ತುಪ್ಪ ಯಾವುದಕ್ಕೂ ಅಲ್ಲಿ ಪ್ರವೇಶವಿರಲಿಲ್ಲ.

ಮಗಳು ಉಳಿದಳು. ಮರುದಿನ ಮುಚ್ಚಿದ ಹೋಟೆಲಿನಲ್ಲಿ ಕಾಗದದ ಲಾಂದ್ರಗಳು ತಾವಾಗಿಯೇ ತಿರುಗುತ್ತಿದ್ದವು. ಭದ್ರೆಯ ಕಡೆಯ ಮಂಜು ಕಿಟಕಿಗೆ ಒರಗಿ ನಿಂತಿತ್ತು. ಎಲ್ಲವೂ ನೀರಿನಡಿಯಲ್ಲಿ ನಡೆಯುತ್ತಿದ್ದಂತೆ ದಾಕ್ಷಾಯಣಿಗೆ ತೋರಿತು.

ಅಡುಗೆಯ ರೂಪೇಶ್ ಚೀಲ ಹಿಡಿದು ನಿಂತಿದ್ದ. "ಹಾಲಿಂದೇನೂ ನಾನು ಹಾಕಿಲ್ಲ ಅಕ್ಕ. ಆದ್ರೂ ಹೋಗ್ತೀನಿ. ನನ್ನ ಕೈಯಡುಗೆ ಇನ್ಯಾರು ತಿಂತಾರೆ?"

"ಚೀಲ ಇಡೋ ಮಾರಾಯ. ಮೊದ್ಲು ಬಟ್ಟಲು ನೋಡೋಣ," ಎನ್ನುತ್ತ ಸುಭದ್ರಮ್ಮ ಮಹಡಿಯಿಂದ ಇಳಿದು ಬಂದರು. ರಸಾಯನಶಾಸ್ತ್ರದ ನಿವೃತ್ತ ಮೇಡಂ ಅವರು. ಬೀದಿಯ ಎಷ್ಟೋ ಒಗಟುಗಳನ್ನು ಬಿಡಿಸಿದ್ದರು. ಹಳೆಯ ಶಿಷ್ಯೆ ದಾಕ್ಷಾಯಣಿ ಆಗೆಲ್ಲ ಜೊತೆಗಿರುತ್ತಿದ್ದಳು.

ನಿನ್ನೆಯ ಬಟ್ಟಲುಗಳನ್ನು ಯಾರೂ ತೊಳೆದಿರಲಿಲ್ಲ. ಅವುಗಳ ಅಂಚಿನಲ್ಲಿ ಬಿಳಿಯ ಸಣ್ಣ ಹರಳುಗಳು ಕಟ್ಟಿದ್ದವು. ಕೆಂಪು ಹೂವಿನ ಬಟ್ಟಲೊಂದರಲ್ಲಿ ಮಾತ್ರ ಏನೂ ಇರಲಿಲ್ಲ.

"ಇದು ಸೌಂದರ್ಯಂದಲ್ವಾ?"

"ಹೌದು ಮೇಡಂ," ಎಂದಳು ದಾಕ್ಷಾಯಣಿ. "ನಿನ್ನೆ ಪಕ್ಕದ ಮೇಜಿನ ಹುಡುಗಿ ಹೂವಿನದ್ದೇ ಬೇಕು ಅಂತ ಹಟ ಮಾಡಿದ್ಲು. ಮೇಜಿಗೆ ಬಂದ ಮೇಲೆ ಇಬ್ರೂ ಬಟ್ಟಲು ಬದಲಾಯಿಸಿಕೊಂಡ್ರು."

ದಾಕ್ಷಾಯಣಿಯ ಅತ್ತೆ ಮಹಾಂತಮ್ಮ ಬಡಿಸುವ ಕಿಟಕಿಯ ಪಕ್ಕದ ತನ್ನ ಕುರ್ಚಿಯಲ್ಲಿದ್ದಳು. ಒಳಗಿನಿಂದ ಬಂದ ಪ್ರತಿ ಬಟ್ಟಲಿನ ಅಂಚು ಒರೆಸಿ ಮುಂದಕ್ಕೆ ಕೊಡುವುದು ಅವಳ ದಿನದ ಕೆಲಸ. ಇಂದು ಒರೆಸಲು ಏನೂ ಇಲ್ಲದೆ ಬಟ್ಟೆಯನ್ನು ಮಡಿಚಿ ಬಿಚ್ಚಿ ಮಾಡುತ್ತಿದ್ದಳು.

ಸಂಜೆ ಸುಭದ್ರಮ್ಮ ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದರು. ಸೌಂದರ್ಯ ಶಾಲು ಹೊದ್ದು ಅಜ್ಜಿಗೆ ಒರಗಿದ್ದಳು.

"ಇಲ್ಲಿ ಬಳಸೋ ಕಡಲೆಕಾಯಿ ಎಣ್ಣೆ ಈ ಚಳಿಗೆ ಹೀಗೆ ಹರಳುಗಟ್ಟಲ್ಲ. ಉಜ್ಜಿದೆ, ಮೂಸಿದೆ. ತುಪ್ಪ. ಬಾಣಲೆ ಒಂದೇ, ರೂಪೇಶ್ ಅದಕ್ಕೆ ಹಾಕಿದ್ದಿದ್ರೆ ಹೂವಿನ ಬಟ್ಟಲಲ್ಲೂ ಇರ್ಬೇಕಿತ್ತು. ಅಂದ್ರೆ ತುಪ್ಪ ಬಿದ್ದಿದ್ದು ಬಟ್ಟಲಿಗೆ ಬಡಿಸಿದ ಮೇಲೆ, ಮೇಜಿಗೆ ಬರೋ ಮೊದಲು. ಹಾಕಿದೋರಿಗೆ ಕೇಡು ಬೇಕಿರ್ಲಿಲ್ಲ. ಬೇಕಿದ್ರೆ ಮಗುವಿನ ಬಟ್ಟಲನ್ನ ಯಾಕೆ ಬಿಡ್ತಿದ್ರು?"

ದಾಕ್ಷಾಯಣಿ ಬಡಿಸುವ ಕಿಟಕಿಯತ್ತ ನೋಡಿದಳು. ಅಲ್ಲಿ ಕೂರುವವರು ಒಬ್ಬರೇ.

ಮಹಾಂತಮ್ಮ ಮಡಿಲಿನಿಂದ ಪುಟ್ಟ ಬೆಳ್ಳಿ ಗಿಂಡಿ ತೆಗೆದು ಮೇಜಿನ ಮೇಲಿಟ್ಟಳು. "ತುಪ್ಪ ಬೀಳ್ದೆ ಊಟಕ್ಕೆ ಕೈ ಹಾಕಿದೋರಲ್ಲ ನಮ್ಮನೇಲಿ. ಬಂದೋರ ಮುಂದೆ ಒಣ ಬಟ್ಟಲು ಹೆಂಗೆ ಇಡ್ಲಿ? ಒಂದೊಂದೇ ಹನಿ. ನನ್ನ ಕೂಸಿಗೆ ಮಾತ್ರ ಒಂದಿನಾನೂ ಹಾಕಿಲ್ಲ."

"ಆ ಬರಿದಾದ ಬಟ್ಟಲೇ ನಿಮ್ಮ ಹೆಸರು ಹೇಳಿದ್ದು," ಎಂದರು ಸುಭದ್ರಮ್ಮ ಮೆಲ್ಲಗೆ.

ದಾಕ್ಷಾಯಣಿ ಗಿಂಡಿಯನ್ನು ಮಗಳಿಂದ ದೂರ ಸರಿಸಿದಳು. ರೂಪೇಶ್ ಎದ್ದು ಹೋಗಿ, ಚೀಲ ಒಳಗಿಟ್ಟು, ಒಂದು ಸೀಸೆ ತಂದ. "ಎಳ್ಳೆಣ್ಣೆ ಅಜ್ಜಿ. ಚೀನಾದೋರು ಕೊನೇಗೆ ಇದನ್ನೇ ಹನಿಸ್ತಾರೆ."

"ದೀಪದ ಎಣ್ಣೆನಾ?"

"ದೀಪಕ್ಕಾದ್ರೆ ಅತಿಥಿಗಾಗಲ್ವಾ?"

ಆಗಿದ್ದನ್ನು ಬಾಗಿಲಿಗೆ ಬರೆದು ಹಚ್ಚಿಯೇ ದಾಕ್ಷಾಯಣಿ ಮತ್ತೆ ಹೋಟೆಲ್ ತೆರೆದಳು. ಬಂದವರು ಕೆಲವರೇ. ಮಹಾಂತಮ್ಮ ಗಿಂಡಿಯ ಬದಲು ಸೀಸೆ ಹಿಡಿದು ಕಾದಿದ್ದಳು. ಆವಿಯ ನಡುವಿನಿಂದ ಕೆಂಪು ಹೂವಿನ ಬಟ್ಟಲು ಬಂತು. ಇಷ್ಟು ದಿನ ಅದನ್ನು ಬರಿದಾಗಿಯೇ ದಾಟಿಸಿದ್ದ ಕೈ, ಅಂದು ಮೊದಲ ಹನಿಯನ್ನು ಅದಕ್ಕೇ ಬಿಟ್ಟಿತು.