ತಾಳದ ಏಟಿಗೆ ಮುಂಚೆ

ಚಪ್ಪಾಳೆ ತಟ್ಟಿದ ಮೇಲೆ ಅವಳಿಗೆ ಗೊತ್ತಾಯಿತು, ಇಡೀ ಸಭಾಂಗಣದಲ್ಲಿ ತಟ್ಟುತ್ತಿರುವವಳು ತಾನೊಬ್ಬಳೇ ಎಂದು.

ಸಂಗೀತ ಮುಗಿದಿರಲಿಲ್ಲ. ನಡುವೆ ಒಮ್ಮೆ ಉಸಿರು ಹಿಡಿದು ನಿಂತಿತ್ತು, ಅಷ್ಟೇ. ಮುಂದಿನ ಸಾಲಿನ ಅಜ್ಜಿಯೊಬ್ಬರು ತಿರುಗಿ, ಹುಳುಕು ಹಲ್ಲನ್ನು ನೋಡುವಂತೆ ನೋಡಿದರು. ದಂತವೈದ್ಯೆಯಾದ ಅವಳಿಗೆ ಆ ನೋಟದ ಅರ್ಥ ಚೆನ್ನಾಗಿ ಗೊತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ವೇದಿಕೆಯ ಹಿಂದಿನ ಸಾಲಿನಲ್ಲಿ, ಎರಡು ಕಂಚಿನ ತಾಳಗಳ ಪಕ್ಕ ನಿಂತಿದ್ದವನು ಮಾತ್ರ ತುಟಿ ಕಚ್ಚಿ ನಗುತ್ತಿದ್ದ. ಅವಳ ಕ್ಲಿನಿಕ್ಕಿನ ಮೇಲಿನ ಮನೆಯವನು. ತಿಂಗಳುಗಟ್ಟಲೆ ಇದೇ ಸಂಗೀತದ ರೆಕಾರ್ಡ್ ಹಾಕಿಕೊಂಡು, ಕೊನೆಗೊಮ್ಮೆ ಧಡಾರನೆ ತಾಳ ಬಡಿದು ಅವಳ ಜೀವ ತಿಂದವನು. ಡ್ರಿಲ್ಲಿನ ಸದ್ದಿನಲ್ಲಿ ಈ ನಡುವಿನ ನಿಲುಗಡೆ ಮಾತ್ರ ಅವಳ ಕಿವಿಗೆ ಬಿದ್ದಿರಲಿಲ್ಲ.

“ಡ್ರಿಲ್ ಹಿಡಿದಿರ್ತೀನಿ ಕಣ್ರೀ ನಾನು! ನಿಮ್ಮ ಏಟು ಬೀಳೋಕೆ ಮುಂಚೇನೇ ನನ್ನ ಕೈ ತಾನಾಗೇ ಮೇಲೇಳುತ್ತೆ, ಪೇಷೆಂಟ್ ನಾಲಿಗೆ ಉಳೀಲಿ ಅಂತ,” ಎಂದು ಮೆಟ್ಟಿಲ ಮೇಲೆ ಜಗಳಕ್ಕೆ ನಿಂತಿದ್ದಳು.

“ಸಾರಿ ಡಾಕ್ಟ್ರೇ. ಇಡೀ ಸಂಜೆಗೆ ನಂದು ಒಂದೇ ಏಟು. ಅದು ತಪ್ಪಿದ್ರೆ ಕೆಲಸ ಹೋಯ್ತು, ಊರೇ ಬಿಡ್ಬೇಕು. ನಮ್ಮ ಆರ್ಕೆಸ್ಟ್ರಾ ನಿರ್ದೇಶಕರು ಸನ್ನೆನೂ ಮಾಡಲ್ಲ, ನಾನೇ ಎಣಿಸ್ಕೋಬೇಕು. ಬಂದು ನೋಡಿ ಬೇಕಾದ್ರೆ,” ಎಂದು ಟಿಕೆಟ್ ಕೊಟ್ಟಿದ್ದ. ಅವನಿಗೆ ನೇರ ಕಾಣುವ ಸೀಟು.

ಪಿಟೀಲುಗಳು ಮತ್ತೆ ಎದ್ದವು. ಅವನ ನಗು ಆರಿತು. ಅಷ್ಟು ಹೊತ್ತೂ ಎಣಿಸುತ್ತ ಸಣ್ಣಗೆ ಆಡುತ್ತಿದ್ದ ತುಟಿ ನಿಂತುಹೋಗಿತ್ತು.

ಎಣಿಕೆ ತಪ್ಪಿದೆ! ತಪ್ಪಿಸಿದ್ದು ತನ್ನ ಚಪ್ಪಾಳೆಯೇ. ಇವನು ಊರು ಬಿಟ್ಟರೆ ಕ್ಲಿನಿಕ್ ತಣ್ಣಗಿರುತ್ತದೆ, ನಿಜ. ಆದರೆ ಆ ತಣ್ಣಗಿನ ಕ್ಲಿನಿಕ್ ಅವಳಿಗೆ ಬೇಡವಾಗಿತ್ತು. ಇವನು ಬೇಕಾಗಿತ್ತು. ಗೊತ್ತಾಗುವುದಕ್ಕೆ ಎಂಥ ಹೊತ್ತು!

ಅವನು ನಿರ್ದೇಶಕರತ್ತ ನೋಡಿದ. ಅವರು ಪಿಟೀಲುಗಳಿಂದ ಕಣ್ಣು ಕೀಳಲಿಲ್ಲ. ಸಂಗೀತ ಏರುತ್ತಿತ್ತು. ಅವನು ತಾಳಗಳನ್ನು ಎತ್ತಿಕೊಂಡ. ಈಗಲೋ? ಇನ್ನೂ ಇಲ್ಲವೋ? ದಿಕ್ಕು ತೋಚದೆ ಅವಳ ಕಡೆ ನೋಡಿದ.

ಅವಳು ಯೋಚಿಸಲೇ ಇಲ್ಲ. ಮಡಿಲಲ್ಲಿದ್ದ ಬಲಗೈ, ಯಾರದೋ ಹಲ್ಲಿನಿಂದ ಡ್ರಿಲ್ ಎತ್ತುವಂತೆ, ತಾನಾಗಿ ಮೇಲೆದ್ದಿತು.

ಅವನು ಅದನ್ನು ಕಂಡ. ಬಡಿದ.

ಧಡಾರ್!

ಕಹಳೆಗಳೆಲ್ಲ ಅದೇ ಕ್ಷಣ ಒಟ್ಟಿಗೆ ಮೊಳಗಿದವು. ಅಜ್ಜಿ ಸೀಟಿನಲ್ಲೇ ಕುಪ್ಪಳಿಸಿದರು.

ಕಚೇರಿ ಮುಗಿದ ಮೇಲೆ, ಹಿಂಬಾಗಿಲ ಬಳಿ ಕಾಯುತ್ತಿದ್ದ ಅವಳತ್ತ ಅವನು ಓಡಿಬಂದ, ಟೈ ಕೂಡ ಬಿಚ್ಚಿರಲಿಲ್ಲ.

“ಕೆಲಸ ಪರ್ಮನೆಂಟ್ ಆಯ್ತು! ಇನ್ನು ಇಲ್ಲೇ ಪ್ರಾಕ್ಟೀಸ್ ರೂಮ್ ಕೊಡ್ತಾರಂತೆ. ನಿಮಗೆ ನನ್ನ ಕಾಟ ತಪ್ಪಿತು, ಡಾಕ್ಟ್ರೇ.”

ಅವಳ ಮುಖ ಸಣ್ಣದಾಯಿತು. “ಹಾಗಾದ್ರೆ ಈ ಕೈ ಏನ್ಮಾಡ್ಬೇಕು? ಅಭ್ಯಾಸ ಆಗ್ಹೋಗಿದೆ ಅದಕ್ಕೆ.”

ಅವನು ನಗಲಿಲ್ಲ. ಆ ಕೈಯನ್ನೇ ಹಿಡಿದುಕೊಂಡ.

“ಇದೊಂದು ಇಲ್ದಿದ್ರೆ ಇವತ್ತು ನಾನು ಕೆಟ್ಟಿದ್ದೆ. ಬಿಡಲ್ಲ ಇನ್ನ.”

“ಬಿಡಬೇಡಿ,” ಎಂದಳು.